ಖೊಟ್ಟಿ ಕಿಡಿ, ಖರೆ ಕಿಡಿ

ಗೋಕಾಕ
೨೬ ಜುಲೈ ೨೦೨೪

ಅಣ್ಣಾ,

ಜಯ ಜಿನೇಂದ್ರ. ಅಲ್ಲಿ ಎಲ್ಲರೂ ನಿನ್ನನ್ನು ಭರತೇಶ ಭೈಯ್ಯಾಜಿ ಎನ್ನುತ್ತಾರಂತೆ. ಆಶ್ರಮದ ಕಚೇರಿಗೆ ಫೋನ್ ಮಾಡಿದ್ದೆ. ಭೈಯ್ಯಾಜಿ ಫೋನ್ ಮುಟ್ಟುವುದಿಲ್ಲವೆಂದು ನಿಯಮ ಹಿಡಿದಿದ್ದಾರೆ, ಪತ್ರ ಬರೆಯಿರಿ ಎಂದರು. ಬರೆಯುತ್ತಿದ್ದೇನೆ. ನನಗೆ ನೀನು ಅಣ್ಣನೇ.

ಇಲ್ಲಿ ಹೊಳೆ ತುಂಬಿ ಸೇತುವೆಯ ಮೇಲೆ ನೀರು ಬಂದಿದೆ. ಬಸ್ಸುಗಳು ಸುತ್ತಿ ಬಳಸಿ ಓಡುತ್ತಿವೆ. ಆದರೂ ವಾರಕ್ಕೆರಡು ಸಲ ಮೂಡಲಗಿಗೆ ಹೋಗಿ ಬರುತ್ತಿದ್ದೇನೆ. ಯಾಕೆಂದು ಹೇಳುತ್ತೇನೆ.

ನೀನು ಕಟ್ಟಿ ಬಿಟ್ಟುಹೋದ, ಕಿಡಿ ಹಿಡಿಯುವ ಯಂತ್ರವನ್ನು ನಾನು ಅಟ್ಟಕ್ಕೆ ಹಾಕಲಿಲ್ಲ. ಮೂಡಲಗಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಿನ್ನ ಜೊತೆ ಓದಿದ ಶ್ರೀಶೈಲ ಈಗ ಎಲೆಕ್ಟ್ರಿಕಲ್ ವಿಭಾಗದ ಮುಖ್ಯಸ್ಥ. ಅವನ ಕಾಲು ಕೈ ಹಿಡಿದು, ಅವರ ಹೈವೋಲ್ಟೇಜ್ ಪ್ಯಾನೆಲ್ ಕೋಣೆಯಲ್ಲಿ ನಮ್ಮ ಯಂತ್ರವನ್ನು ಪರೀಕ್ಷೆಗೆಂದು ಇಡಿಸಿದ್ದೇನೆ. ಮೂರನೆಯ ಪ್ಯಾನೆಲ್‌ನ ಕೇಬಲ್ ಡಬ್ಬಿಯಿಂದ ಕಿಡಿಗಳು ಕಾಣುತ್ತಿವೆ. ಒಂದೆರಡಲ್ಲ, ತೆರೆಯ ತುಂಬ. ಕಣ್ಣಿಗೆ ಕಾಣದ, ಇನ್ಸುಲೇಷನ್ ಒಳಗೇ ಹುಟ್ಟಿ ಸಾಯುವ ಕಿಡಿಗಳು. ನೀನು ಹೇಳುತ್ತಿದ್ದೆಯಲ್ಲ, ಗೆದ್ದಲು ಬಾಗಿಲನ್ನು ತಿಂದ ಹಾಗೆ ಅವು ಕೇಬಲ್ಲನ್ನು ತಿನ್ನುತ್ತವೆ, ಒಂದು ದಿನ ಪ್ಯಾನೆಲ್ ಸಿಡಿಯುತ್ತದೆ ಎಂದು.

ಶ್ರೀಶೈಲ ನಂಬುವುದಿಲ್ಲ. "ನಮ್ಮ ಮೀಟರಿನ್ಯಾಗ ಏನೂ ಕಾಣವಲ್ದು. ನಿಮ್ಮ ಮಷಿನ್‌ಗೆ ಹುಚ್ಚು ಹಿಡದೈತಿ ನೋಡ್ರಿ" ಎಂದು ನಗುತ್ತಾನೆ. ಅವರ ಮೀಟರು ಸೆಕೆಂಡಿಗೆ ಕೆಲವೇ ಸಲ ನೋಡುತ್ತದೆ, ಕಿಡಿ ಅಷ್ಟರಲ್ಲಿ ಬಂದು ಹೋಗಿರುತ್ತದೆ. ನಮ್ಮ ಚಿಪ್ ಅದೇ ಒಂದು ಸೆಕೆಂಡಿನಲ್ಲಿ ಹತ್ತು ಕೋಟಿ ಸಲ ವೋಲ್ಟೇಜನ್ನು ಅಂಕಿಯಾಗಿ ಮಾಡಿ ಪ್ರೊಸೆಸರಿಗೆ ಕೊಡುತ್ತದೆ ಎಂದು ಹೇಳಿದೆ. ಅವನು ಚಹಾ ತರಿಸಿದ.

ನನ್ನ ಪ್ರಶ್ನೆ ಒಂದೇ. ಆ ವೇಗದಲ್ಲಿ ಚಿಪ್ ಹೇಳುವ ಅಂಕಿಯನ್ನು ಪೂರ್ತಿ ನಂಬಬಹುದೆ? ಬೇಗ ಬರೆ.

ಆರತಿ


ಸೋನಾಗಿರಿ
೯ ಆಗಸ್ಟ್ ೨೦೨೪

ಆರತಿಗೆ,

ಜಯ ಜಿನೇಂದ್ರ. ಚಾತುರ್ಮಾಸ ನಡೆದಿದೆ. ಮುನಿ ಮಹಾರಾಜರು ನಾಲ್ಕು ತಿಂಗಳು ಈ ಬೆಟ್ಟದ ಕೆಳಗೇ ಇರುತ್ತಾರೆ, ಅವರೊಂದಿಗೆ ನಾವೂ. ಬೆಳಿಗ್ಗೆ ಸ್ವಾಧ್ಯಾಯ, ಮಧ್ಯಾಹ್ನ ಸಾಮಾಯಿಕದ ಧ್ಯಾನ. ಮನಸ್ಸು ಶಾಂತವಾಗಿದೆ.

ನಿನ್ನ ಪತ್ರ ಯಾಕೆ ಬಂತೆಂದು ನನಗೆ ತಿಳಿಯುತ್ತದೆ. ಅವ್ವ ಹೇಳಿ ಬರೆಸಿದ್ದಾಳೆ. ಯಂತ್ರದ ಮಾತು ತೆಗೆದರೆ ಇವನು ಕರಗಿ ಮನೆಗೆ ಬರುತ್ತಾನೆ ಎಂದು ನೀವಿಬ್ಬರೂ ಎಣಿಸಿದ್ದೀರಿ. ನಾನು ಆ ಕೆಲಸವನ್ನು ಬಿಟ್ಟು ಬಂದವನು. ಯಾವುದನ್ನು ಬಿಡಬೇಕೆಂದು ಇಲ್ಲಿಗೆ ಬಂದೆನೋ ಅದನ್ನೇ ಅಂಚೆಯಲ್ಲಿ ಕಳಿಸಬೇಡ.

ನೀನು ನನಗಿಂತ ಚೆನ್ನಾಗಿ ಬೆಸುಗೆ ಹಾಕುತ್ತೀ, ನನಗಿಂತ ತಾಳ್ಮೆ ಇದೆ. ನಿನಗೆ ತಿಳಿದಂತೆ ಮಾಡು.

ಆ ಚಿಪ್ ಒಳ್ಳೆಯದು. ನಾನೇ ನೋಡಿ ಆರಿಸಿದ್ದು, ಅದು ಸುಳ್ಳು ಹೇಳುವುದಿಲ್ಲ. ಚಿಪ್ಪಿಗೆ ತಾಳ ಹಾಕುವ ಕ್ಲಾಕಿನ ತಂತಿ ಪವರ್ ಸಪ್ಲೈ ಹತ್ತಿರ ಹಾದುಹೋಗದಂತೆ ನೋಡಿಕೊ. ಕ್ಲಾಕ್ ನಡುಗಿದರೆ ಅಂಕಿಯೂ ನಡುಗುತ್ತದೆ. ಇಷ್ಟು ಸಾಕು. ಮತ್ತೆ ಕೇಳಬೇಡ.

ಭರತೇಶ


ಗೋಕಾಕ
೨೧ ಆಗಸ್ಟ್ ೨೦೨೪

ಅಣ್ಣಾ,

ಅವ್ವ ನಿನ್ನ ಹೆಸರನ್ನೇ ಎತ್ತುವುದಿಲ್ಲ. ಬೆಳಿಗ್ಗೆ ಬಸದಿಗೆ ಹೋಗುತ್ತಾಳೆ, ಹೊತ್ತು ಮುಳುಗುವ ಮುಂಚೆ ಊಟ ಮುಗಿಸುತ್ತಾಳೆ, ಯಾರಾದರೂ ಕೇಳಿದರೆ "ಚಲೋ ದಾರಿ ಹಿಡದಾನ ಬಿಡ್ರಿ" ಎಂದು ಒಳಗೆ ಹೋಗುತ್ತಾಳೆ. ನಾನು ಬರೆದದ್ದು ಅವಳಿಗೆ ಗೊತ್ತಿರಲಿಲ್ಲ. ನಿನ್ನ ಪತ್ರ ಬಂದ ಮೇಲೆ ಗೊತ್ತಾಯಿತು. ಓದಿ ಹೇಳು ಎಂದಳು. ಅವಳ ಮೇಲೆ ನೀನು ಹೊರಿಸಿದ ಸಾಲುಗಳನ್ನು ಬಿಟ್ಟು ಓದಿದೆ. ಹಾಗೆ ಓದಿದರೆ ಅದರಲ್ಲಿ ಕ್ಲಾಕಿನ ತಂತಿಯೊಂದೇ ಉಳಿಯಿತು.

ನಾನು ಒಂದು ಮಾತು ಬರೆದಿರಲಿಲ್ಲ. ನೀನು ಆರಿಸಿದ ಚಿಪ್ ಏಪ್ರಿಲ್‌ನ ಸಿಡಿಲಿಗೆ ಸುಟ್ಟುಹೋಯಿತು. ಅದು ಈಗ ಎಲ್ಲಿಯೂ ಸಿಗುವುದಿಲ್ಲ, ಬಂದರೆ ಬರುವ ವರ್ಷ ಎಂದರು. ಬೇರೆ ವ್ಯಾಪಾರಿಯಿಂದ ತರಿಸಿ ಹಾಕಿದ್ದೇನೆ. ನೋಡಲು ಅದೇ ಚಿಪ್, ಮೇಲಿನ ನಂಬರೂ ಅದೇ.

ಮೊನ್ನೆ ಶ್ರೀಶೈಲನ ಎದುರಿಗೇ ಹೀಗಾಯಿತು. "ಸೆನ್ಸರ್ ತಗದು ಇಡ್ರಿ, ಆಗೇನ್ ತೋರಸ್ತೈತಿ ನೋಡೂಣು" ಎಂದ. ತೆಗೆದೆ. ಚಿಪ್ಪಿಗೆ ಏನೂ ಬರದಂತೆ ಒಳದಾರಿಯನ್ನೇ ಮುಚ್ಚಿದೆ. ತೆರೆಯ ಮೇಲೆ ಆಗಲೂ ಕಿಡಿ ಬಂತು. ಮೊದಲಿಗಿಂತ ಕಡಿಮೆ, ಆದರೆ ಬಂತು.

"ಈಗ ಯಾವ ಡಬ್ಬಿಯಿಂದ ಬಂತ್ರಿ ಇದು?" ಎಂದು ಕೇಳಿದ. ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ಆ ಕೋಣೆಯಲ್ಲಿ ಯಲ್ಲಪ್ಪ ಎಂಬ ಆಪರೇಟರ್ ಇದ್ದಾರೆ. ಅದೇ ಮೂರನೆಯ ಪ್ಯಾನೆಲ್ಲಿನ ಎದುರು ನಿಂತು ಹ್ಯಾಂಡಲ್ ತಿರುಗಿಸುವವರು ಅವರು. ಅದಕ್ಕೆ ಬೆನ್ನು ಆನಿಸಿಕೊಂಡೇ ಬುತ್ತಿ ಬಿಚ್ಚುತ್ತಾರೆ. ಅವರನ್ನು ಅಲ್ಲಿಂದ ಏಳಿ ಎನ್ನಲು ನನಗೆ ಬಾಯಿ ಬರಲಿಲ್ಲ. ಕೂತಿರಿ ಎನ್ನಲೂ ಬರಲಿಲ್ಲ.

ಕೇಳಬೇಡ ಎಂದಿದ್ದೀ. ಕೇಳುತ್ತಿದ್ದೇನೆ.

ಆರತಿ


ಗೋಕಾಕ
೧೨ ಸೆಪ್ಟೆಂಬರ್ ೨೦೨೪

ಅಣ್ಣಾ,

ಉತ್ತರ ಬರಲಿಲ್ಲ. ಪೋಸ್ಟಿನವನನ್ನು ಕಂಡರೆ ನಾನೇ ಓಣಿಯ ತುದಿಯವರೆಗೆ ಹೋಗುತ್ತೇನೆ, ಅವನು ದೂರದಿಂದಲೇ ಕೈ ಆಡಿಸುತ್ತಾನೆ.

ನೀನು ನಡೆಯುವಾಗ ಕಾಲಕೆಳಗೆ ಇರುವೆ ಸಿಕ್ಕೀತೆಂದು ನೆಲ ನೋಡಿ ಹೆಜ್ಜೆ ಇಡುತ್ತೀ. ಇಲ್ಲಿ ಒಬ್ಬ ಮನುಷ್ಯ ಪ್ಯಾನೆಲ್ಲಿಗೆ ಬೆನ್ನು ಕೊಟ್ಟು ರೊಟ್ಟಿ ತಿನ್ನುತ್ತಾನೆ ಎಂದು ಬರೆದರೆ ನಿನಗೆ ಎರಡು ಸಾಲು ಬರೆಯಲು ಆಗಲಿಲ್ಲ. ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ, ತಿಳಿದುಕೊ.

ಕಾದು ಸಾಕಾಗಿ ಯಂತ್ರವನ್ನು ಹುಕ್ಕೇರಿಗೆ ಒಯ್ದೆ. ನನ್ನ ಗೆಳತಿ ಶಿವಾನಿ ಅಲ್ಲಿ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಾಳೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಬಾಜೂ ಕೂತ ಮುದುಕಿ, "ಕೂಸೇನವಾ ಅದು, ಹಂಗ ಹಿಡಕೊಂಡೀಯಲ್ಲ" ಎಂದಳು.

ಶಿವಾನಿಯ ಲ್ಯಾಬಿನಲ್ಲಿ ನಯವಾದ, ನಿಧಾನವಾದ ಅಲೆಯೊಂದನ್ನು ಚಿಪ್ಪಿಗೆ ಕೊಟ್ಟು ನೋಡಿದೆವು. ಅಲೆ ಅಲೆಯಾಗಿಯೇ ಬಂತು. ನಡುನಡುವೆ ಮಾತ್ರ ಒಂದೊಂದು ಅಂಕಿ ಎಲ್ಲೋ ಮೇಲೆ, ಎಲ್ಲೋ ಕೆಳಗೆ ಹಾರಿಬೀಳುತ್ತಿತ್ತು. ಚಿಪ್ ತಾನೇ ಕಿಡಿ ಹುಟ್ಟಿಸುತ್ತಿದೆ. ಶಿವಾನಿ ನನ್ನ ಹೆಗಲ ಮೇಲೆ ಕೈ ಇಟ್ಟು, "ಇದರ ಮ್ಯಾಲೆ ಒಬ್ಬರ ಕಾರ್ಖಾನಿ ಬಂದ್ ಮಾಡ್ಸಾಕ ಬರೂದಿಲ್ಲ ಆರತಿ" ಎಂದಳು. ಅವಳ ಮಾತು ಸರಿಯೇ.

ಮರುದಿನ ಮೂಡಲಗಿಗೆ ಹೋಗಿ, ಕಾರ್ಖಾನೆಯಲ್ಲಿ ಉಳಿದಿದ್ದ ಸೆನ್ಸರ್ ಕಿತ್ತುಕೊಂಡು ಬಂದೆ. ನಿಮ್ಮ ಪ್ಯಾನೆಲ್ಲಿಗೆ ಏನೂ ಆಗಿಲ್ಲ, ತಪ್ಪು ನಮ್ಮ ಯಂತ್ರದ್ದು ಎಂದು ಶ್ರೀಶೈಲನಿಗೆ ಹೇಳಿದೆ. ಅವನು ಒಳ್ಳೆಯ ಮಾತೇ ಆಡಿದ. "ಬಿಡ್ರಿ, ಹಿಂಗ ಆಗ್ತಾವು. ಭರತೇಶ ಇದ್ದಿದ್ರ ಮಾತ ಬ್ಯಾರೆ ಇತ್ತು."

ಇನ್ನು ನಿನಗೆ ತೊಂದರೆ ಕೊಡುವುದಿಲ್ಲ.

ಆರತಿ


ಸೋನಾಗಿರಿ
೧೮ ಸೆಪ್ಟೆಂಬರ್ ೨೦೨೪

ಆರತಿ,

ಉತ್ತಮ ಕ್ಷಮಾ. ದಶಲಕ್ಷಣ ಪರ್ವ ನಿನ್ನೆ ಮುಗಿಯಿತು, ಇಂದು ಎಲ್ಲರೂ ಎಲ್ಲರನ್ನೂ ಕ್ಷಮೆ ಕೇಳುವ ದಿನ. ಪರ್ವದ ಹತ್ತೂ ದಿನ ನನಗೆ ಮೌನವಿತ್ತು, ಬರೆಯುವುದೂ ಇಲ್ಲ. ಅಂಚೆ ತಡವಾಗಿ, ನಿನ್ನ ಆಗಸ್ಟಿನ ಪತ್ರ ಪರ್ವ ಶುರುವಾಗುವ ಹಿಂದಿನ ಸಂಜೆ ಕೈಗೆ ಬಂತು. ಓದಿ ಚಾಪೆಯ ಕೆಳಗೆ ಇಟ್ಟೆ.

ಇಡಬಾರದಿತ್ತು, ಅಥವಾ ಓದಬಾರದಿತ್ತು. ಕಣ್ಣು ಮುಚ್ಚಿ ಕೂತರೆ ಆತ್ಮವೂ ಇಲ್ಲ, ಏನೂ ಇಲ್ಲ. ಆ ಚಿಪ್ಪೇ ಬರುತ್ತದೆ. ಪಕ್ಕದವರು ಜಪಮಾಲೆ ಎಣಿಸುತ್ತಿದ್ದರು, ನಾನು ಅಂಕಿ ಎಣಿಸುತ್ತಿದ್ದೆ. ಮೊದಲ ಪತ್ರದಲ್ಲಿ ಮನಸ್ಸು ಶಾಂತ ಎಂದು ಬರೆದಿದ್ದೆ. ಅದನ್ನು ಹೊಡೆದು ಹಾಕು.

ಈಗ ಗಮನವಿಟ್ಟು ಓದು.

ಚಿಪ್ಪಿನ ಮೇಲಿನ ನಂಬರನ್ನು ಉಜ್ಜಿ ತೆಗೆದು ಬೇರೆ ನಂಬರ್ ಅಚ್ಚು ಹಾಕಿ ಮಾರುವವರಿದ್ದಾರೆ. ನಿನಗೆ ಸಿಕ್ಕಿರುವುದು ನಿಧಾನದ ಚಿಪ್ ಎಂದು ಕಾಣುತ್ತದೆ. ಅದಕ್ಕೆ ಆಗದ ವೇಗದಲ್ಲಿ ನಾವು ಓಡಿಸುತ್ತಿದ್ದೇವೆ. ಈ ವೋಲ್ಟೇಜು ಇಷ್ಟೋ ಅಷ್ಟೋ ಎಂದು ನಿರ್ಧರಿಸುವ ಮೊದಲೇ ಕ್ಲಾಕು ಉತ್ತರ ಕೇಳುತ್ತದೆ. ಅದು ಬಾಯಿಗೆ ಬಂದದ್ದು ಹೇಳುತ್ತದೆ. ಸೆನ್ಸರ್ ಇಲ್ಲದಾಗಲೂ ನಿನಗೆ ಕಂಡ ಕಿಡಿ ಅದೇ.

ಹಾಗೆಂದು ಎಲ್ಲವೂ ಖೊಟ್ಟಿ, ಎಲ್ಲವೂ ಸುಳ್ಳು ಎಂದಾಗುವುದಿಲ್ಲ. ನೀನೇ ಬರೆದಿದ್ದೀ, ಸೆನ್ಸರ್ ತೆಗೆದ ಮೇಲೆ ಕಿಡಿ ಕಡಿಮೆಯಾಯಿತು ಎಂದು. ಹಾಗಾದರೆ ಆಗ ನಿಂತುಹೋದ ಕಿಡಿಗಳು ಅದಕ್ಕೆ ಮೊದಲು ಎಲ್ಲಿಂದ ಬರುತ್ತಿದ್ದವು?

ಖೊಟ್ಟಿ ಕಿಡಿ ಒಂಟಿ. ಒಂದೇ ಅಂಕಿ ಹಾರುತ್ತದೆ, ಹಿಂದಿನದು ಮುಂದಿನದು ನೆಟ್ಟಗಿರುತ್ತವೆ. ಖರೆ ಕಿಡಿ ಹಾಗಲ್ಲ. ಕೇಬಲ್ಲಿನಲ್ಲಿ ಗಂಟೆ ಬಾರಿಸಿದ ಹಾಗೆ ಅದು ಏರಿ, ಇಳಿದು, ನಡುಗಿ ಆರುತ್ತದೆ. ಸಾಲಾಗಿ ಹಲವು ಅಂಕಿಗಳಲ್ಲಿ ಕಾಣುತ್ತದೆ. ಮತ್ತೆ, ಕರೆಂಟಿನ ಅಲೆಯಲ್ಲಿ ಖರೆ ಕಿಡಿ ಸುಮಾರು ಒಂದೇ ಜಾಗದಲ್ಲಿ ಹುಟ್ಟುತ್ತದೆ. ಖೊಟ್ಟಿ ಎಲ್ಲೆಂದರಲ್ಲಿ.

ಮೊದಲು ಕ್ಲಾಕಿನ ವೇಗವನ್ನು ಅರ್ಧಕ್ಕೆ ಇಳಿಸು. ಖೊಟ್ಟಿ ನಿಂತರೆ ನನ್ನ ಊಹೆ ಸರಿ. ಆಮೇಲೆ ಜುಲೈನಿಂದ ಉಳಿಸಿಟ್ಟ ಅಂಕಿಗಳಲ್ಲಿ ಒಂಟಿಯಾದವನ್ನೆಲ್ಲ ತೆಗೆದುಹಾಕಿ, ಉಳಿದವು ಅಲೆಯ ಯಾವ ಜಾಗದಲ್ಲಿ ಬೀಳುತ್ತವೆ ನೋಡು. ಅದಾಗುವವರೆಗೆ ಪ್ಯಾನೆಲ್ ಸರಿ ಇದೆ ಎಂದು ಯಾರಿಗೂ ಹೇಳಬೇಡ.

ಭರತೇಶ


ಗೋಕಾಕ
೨೮ ಸೆಪ್ಟೆಂಬರ್ ೨೦೨೪

ಅಣ್ಣಾ,

ಹೇಳಿಬಿಟ್ಟಿದ್ದೆ. ನಿನ್ನ ಮೌನ ನನಗೆ ತಿಳಿದಿರಲಿಲ್ಲ. ನನ್ನ ಸಿಟ್ಟಿನ ಪತ್ರ ಇಷ್ಟರಲ್ಲಿ ನಿನಗೆ ಸಿಕ್ಕಿರಬೇಕು. ಅದನ್ನು ಹರಿದುಹಾಕು.

ಕ್ಲಾಕ್ ಅರ್ಧಕ್ಕೆ ಇಳಿಸಿದೆ. ಹಾರಿಬೀಳುವ ಅಂಕಿ ಒಂದೂ ಇಲ್ಲ. ಹಳೆಯ ಅಂಕಿಗಳಲ್ಲಿ ಒಂಟಿಯಾದವನ್ನು ಸೋಸಿದೆ. ಉಳಿದವು ಅಲೆಯ ಎರಡು ಜಾಗಗಳಲ್ಲಿ ಗುಂಪುಗಟ್ಟಿ ನಿಂತವು. ಜುಲೈನಲ್ಲಿ ಸಣ್ಣ ಗುಂಪು, ಆಗಸ್ಟಿನ ಕೊನೆಗೆ ದೊಡ್ಡದು. ಬೆಳೆಯುತ್ತಿದೆ ಅಣ್ಣಾ.

ಮೂಡಲಗಿಗೆ ಓಡಿದೆ. ಶ್ರೀಶೈಲನಿಗೆ ತೋರಿಸಿದೆ. ಅವನು ತೆರೆಯನ್ನು ನೋಡಲೇ ಇಲ್ಲ. "ಆರತಿಯವರ, ನೀವು ಮೊದಲ ಐತಿ ಅಂದ್ರಿ. ಆಮ್ಯಾಲೆ ಇಲ್ಲ ಅಂದ್ರಿ. ಈಗ ಮತ್ತ ಐತಿ ಅಂತೀರಿ. ನಾ ಮ್ಯಾಲಿನವರಿಗೆ ಏನಂತ ಹೇಳ್ಲಿ?" ಅವನದೂ ತಪ್ಪೆನ್ನಲಾರೆ. ಅಕ್ಟೋಬರ್ ಒಂಬತ್ತಕ್ಕೆ ಕಾರ್ಖಾನೆಯ ಟ್ರಯಲ್ ಇದೆ. ಆವತ್ತು ಜನರೇಟರನ್ನು ಇದೇ ಪ್ಯಾನೆಲ್ಲಿಗೆ ಜೋಡಿಸುತ್ತಾರೆ. ಆ ಹೊಡೆತವನ್ನು ಡಬ್ಬಿ ತಡೆಯುತ್ತದೆಯೋ ಇಲ್ಲವೋ.

ಯಲ್ಲಪ್ಪನವರ ಮನೆಗೆ ಹೋಗಿ ಹೇಳಿದೆ. ಅವರು ತಲೆ ಕೆಳಗೆ ಹಾಕಿ ಕೇಳಿದರು. "ಅಕ್ಕಾರ, ನಾ ತಿರುವೂದಿಲ್ಲ ಅಂದ್ರ ಬ್ಯಾರೆ ಯಾರರ ತಿರುವತಾರ. ಅವರಿಗೂ ಹೆಂಡರು ಮಕ್ಕಳು ಅದಾರಲ್ರಿ" ಎಂದರು. ಅವರ ಹೆಂಡತಿ ಚನ್ನವ್ವ ನನ್ನನ್ನು ಹಿತ್ತಲಿಗೆ ಕರೆದೊಯ್ದು, "ಖರೆ ಹೇಳ್ರಿ. ಅದು ಸಿಡಿತೈತೇನ್ರಿ?" ಎಂದು ಕೇಳಿದಳು.

"ಸಿಡಿಬಹುದು ಅನ್ನೂದಷ್ಟ ಗೊತ್ತೈತ್ರಿ."

"ಅಷ್ಟ ಸಾಕ್ರಿ ನಂಗ" ಎಂದಳು.

ನೀನು ಬಾ. ನಿನ್ನ ಮಾತಾದರೆ ಶ್ರೀಶೈಲ ಕೇಳುತ್ತಾನೆ. ಒಂದು ದಿನಕ್ಕೆ ಬಂದು ತಿರುಗಿ ಹೋಗು, ನಾನು ಹಿಡಿದು ನಿಲ್ಲಿಸುವುದಿಲ್ಲ. ಅವ್ವನಿಗೂ ಹೇಳುವುದಿಲ್ಲ.

ಆರತಿ


ಸೋನಾಗಿರಿ
೧೦ ಅಕ್ಟೋಬರ್ ೨೦೨೪

ಆರತಿ,

ನಿನ್ನ ಪತ್ರ ನಿನ್ನೆ ಬಂತು. ಒಂಬತ್ತನೆಯ ತಾರೀಖು, ಆಹಾರ ಮುಗಿದ ಹೊತ್ತಿಗೆ. ಓದುತ್ತ ತಾರೀಖಿನ ಹತ್ತಿರ ಬಂದಾಗ, ಕೂತಲ್ಲಿಂದ ಹೇಗೆ ಎದ್ದೆನೋ ನೆನಪಿಲ್ಲ. ಬರೆಯಲು ಸಮಯವಿರಲಿಲ್ಲ, ಹೊರಡಲು ಸಮಯವಿರಲಿಲ್ಲ. ಕಚೇರಿಗೆ ಹೋಗಿ ಫೋನ್ ಎತ್ತಿದೆ. ಅಲ್ಲಿ ಕೂತವರು "ಭೈಯ್ಯಾಜಿ!" ಎಂದು ನಿಂತೇಬಿಟ್ಟರು. ಕಾರ್ಖಾನೆಯ ನಂಬರ್ ಹುಡುಕಿಸಿ, ಶ್ರೀಶೈಲನನ್ನು ಹಿಡಿದೆ.

"ಭರತೇಶನೇನೋ? ಸಂಸಾರ ಬಿಟ್ಟಾವ ನನ್ನ ಪ್ಯಾನೆಲ್ ಬಿಡವಲ್ಲೇನೋ?" ಎಂದ. ಹಿಂದೆ ಹೆಂಗಸರ ದನಿ ಕೇಳಿಸುತ್ತಿತ್ತು.

ನಾನು ನಗಲಿಲ್ಲ. "ಶ್ರೀಶೈಲ, ಆಕಿ ಎರಡನೇ ಸಲ ಹೇಳಿದ್ದು ತಪ್ಪು. ಮೊದಲನೇದು, ಮೂರನೇದು ಖರೆ. ನಾ ಜವಾಬ್ದಾರ. ಲೈನ್ ಬಂದ್ ಮಾಡಿ ಡಬ್ಬಿ ಬಿಚ್ಚಿಸು. ಏನೂ ಇಲ್ಲಂದ್ರ ಊರ ತುಂಬ ನನ್ನ ಹೆಸರು ಹಿಡದು ನಗು" ಎಂದೆ.

ಅವನು ಫೋನ್ ಇಟ್ಟ. ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ. ಮತ್ತೊಮ್ಮೆ ಫೋನ್ ಮುಟ್ಟಿಲ್ಲ.

ನಿನಗೆ ಹೇಳದ ಒಂದು ಸಂಗತಿಯಿದೆ. ನಾಡಿದ್ದು ವಿಜಯದಶಮಿಗೆ ನನಗೆ ಮುನಿಮಾರ್ಗದ ಮೊದಲ ಮೆಟ್ಟಿಲಾದ ಕ್ಷುಲ್ಲಕ ದೀಕ್ಷೆ ಎಂದು ನಿಶ್ಚಯವಾಗಿತ್ತು. ಆಗಸ್ಟಿನಲ್ಲೇ. ದೀಕ್ಷೆ ಆದ ಮೇಲೆ ತಿಳಿಸೋಣವೆಂದಿದ್ದೆ, ಮೊದಲೇ ತಿಳಿಸಿದರೆ ಅವ್ವ ಬಂದು ಎದುರಿಗೆ ಕೂರುತ್ತಾಳೆಂದು. ಫೋನ್ ಮಾಡಿದ ಮಾತನ್ನು ಮಹಾರಾಜರಿಗೆ ನಾನೇ ಹೋಗಿ ಹೇಳಿದೆ. ಅವರು ಬಯ್ಯಲಿಲ್ಲ. ಈ ಸಲ ಬೇಡ ಎಂದಷ್ಟೇ ಅಂದರು.

ಡಬ್ಬಿಯೊಳಗೆ ಏನಿತ್ತು, ಬರೆ.

ಭರತೇಶ


ಗೋಕಾಕ
೧೮ ಅಕ್ಟೋಬರ್ ೨೦೨೪

ಅಣ್ಣಾ,

ಯಲ್ಲಪ್ಪ ಬದುಕಿದ್ದಾರೆ. ಅದನ್ನು ಮೊದಲು ಬರೆಯುತ್ತೇನೆ.

ಒಂಬತ್ತರಂದು ಬೆಳಿಗ್ಗೆ ಪ್ಯಾನೆಲ್ ಕೋಣೆಯ ಬಾಗಿಲಿಗೆ ಅಡ್ಡ ಕೂತೆ. ಒಬ್ಬಳೇ ಇರುತ್ತೇನೆಂದುಕೊಂಡಿದ್ದೆ. ಚನ್ನವ್ವ ತನ್ನ ಓಣಿಯ ಕಾಡವ್ವ, ಕಾಶೆವ್ವ ಎಂಬ ಇಬ್ಬರನ್ನು ಕರೆದುಕೊಂಡು ಬಂದು ಬಾಜೂ ಕೂತಳು. ಸೆಕ್ಯುರಿಟಿಯವರು ಎಬ್ಬಿಸಲು ಬಂದರೆ ಕಾಶೆವ್ವ, "ಮುಟ್ಟು ನೋಡೂಣು" ಎಂದಳು. ಯಲ್ಲಪ್ಪ ಒಳಗೆ ಹ್ಯಾಂಡಲ್ ಹಿಡಿದು ನಾಚಿಕೆಯಿಂದ ಗೋಡೆ ನೋಡುತ್ತಿದ್ದರು. ಶ್ರೀಶೈಲ ಕೂಗಾಡಿದ, ಗೋಗರೆದ. ಆಮೇಲೆ ಅವನಿಗೆ ಫೋನ್ ಬಂತೆಂದು ಯಾರೋ ಕರೆದರು. ಆಚೆ ಹೋಗಿ ಬಂದವನ ಮುಖ ಬೇರೆಯಾಗಿತ್ತು. "ಲೈನ್ ಬಂದ್ ಮಾಡ್ರಿ. ಮೂರನೇದ್ರ ಡಬ್ಬಿ ಬಿಚ್ಚರಿ" ಎಂದ.

ಬಿಚ್ಚಿದರು. ಕೇಬಲ್ಲಿನ ತುದಿಯ ಮೇಲೆ ಬಿಳಿ ಪುಡಿ ಕೂತಿತ್ತು. ಅದನ್ನು ಒರೆಸಿದರೆ ಕೆಳಗೆ ಕರ್ರಗಿನ ಗೆರೆಗಳು, ಗಿಡದ ಬೇರಿನ ಹಾಗೆ ಕವಲೊಡೆದು ಒಂದು ತಂತಿಯಿಂದ ಇನ್ನೊಂದರ ಕಡೆ ಹರಿದಿದ್ದವು. ಎರಡೂ ಕಡೆಯ ಬೇರು ಕೂಡಲು ಉಗುರಿನಷ್ಟೇ ಜಾಗ ಉಳಿದಿತ್ತು. ಯಲ್ಲಪ್ಪ ಹೊರಗೆ ಹೋಗಿ ನಲ್ಲಿಯ ಕೆಳಗೆ ತಲೆ ಹಿಡಿದು ನಿಂತರು. ಚನ್ನವ್ವ ಅವರನ್ನು ಬಯ್ಯಲು ಶುರುಮಾಡಿದಳು. ಅಂಗಿ ತೊಯ್ಸಿಕೊಂಡದ್ದಕ್ಕೆ, ಮುಂಜಾನೆ ನಾಷ್ಟಾ ಮಾಡದೆ ಬಂದದ್ದಕ್ಕೆ, ಏನೇನೋ. ಬಯ್ಯುತ್ತ ಬಯ್ಯುತ್ತ ಅತ್ತಳು.

ಆ ಫೋನ್ ನಿನ್ನದೆಂದು ನಿನ್ನೆ ನಿನ್ನ ಪತ್ರ ಓದುವವರೆಗೂ ನನಗೆ ಗೊತ್ತಿರಲಿಲ್ಲ. ಶ್ರೀಶೈಲ ಹೇಳಲಿಲ್ಲ. ಬಾಗಿಲಲ್ಲಿ ಕೂತದ್ದಕ್ಕೆ ಅವನು ಸೋತ ಎಂದುಕೊಂಡು, ವಾರವಿಡೀ ಊರವರ ಮುಂದೆ ಎದೆ ಉಬ್ಬಿಸಿ ತಿರುಗಿದೆ.

ದೀಕ್ಷೆಯ ಸಂಗತಿ ಓದಿ ಅಡುಗೆ ಮನೆಗೆ ಹೋಗಿ ನಿಂತೆ. ಈ ಸಲ ಅವ್ವನಿಗೆ ಒಂದು ಸಾಲೂ ಬಿಡದೆ ಓದಿ ಹೇಳಿದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ನಾವು ಎಳದಿವಿ ಅವನ್ನ" ಎಂದಳು. ಹೌದು. ನಾನು ಎಳೆದೆ. ಜುಲೈನ ಪತ್ರದಲ್ಲಿ ಯಂತ್ರದ ಪ್ರಶ್ನೆ ಖರೆ ಇತ್ತು, ಆದರೆ ನೀನು ಬರಲಿ ಎಂಬ ಆಸೆಯೂ ಇತ್ತು. ನೀನು ಹೊರಿಸಿದ್ದು ಅವ್ವನ ಮೇಲೆ. ಹೊರಿಸಬೇಕಾದದ್ದು ನನ್ನ ಮೇಲೆ.

ಇನ್ನು ಎಳೆಯುವುದಿಲ್ಲ. ಶ್ರೀಶೈಲ ಉಳಿದ ಪ್ಯಾನೆಲ್‌ಗಳನ್ನೂ ನೋಡಿಕೊಡಲು ಹೇಳಿದ್ದಾನೆ. ಶಿವಾನಿ ಜೊತೆಗಿದ್ದಾಳೆ. ಸಂಶಯ ಬಂದರೆ ನಾವಿಬ್ಬರೇ ಗುದ್ದಾಡುತ್ತೇವೆ. ನೀನು ಅಲ್ಲಿಯೇ ಇರು ಅಣ್ಣಾ. ಯಾವುದಕ್ಕೆ ಹೋದೆಯೋ ಅದನ್ನು ಮುಗಿಸು. ಬರಬೇಡ.

ಆರತಿ


ಸೋನಾಗಿರಿ
೨೧ ಅಕ್ಟೋಬರ್ ೨೦೨೪

ತಂಗಿ,

ನಿನ್ನ ಉತ್ತರ ಇನ್ನೂ ಬಂದಿಲ್ಲ. ಕಾಯಲು ಆಗುತ್ತಿಲ್ಲ.

ವಿಜಯದಶಮಿಯ ದಿನ ಇನ್ನೊಬ್ಬರಿಗೆ ದೀಕ್ಷೆಯಾಯಿತು. ನಾನು ಹಿಂದಿನ ಸಾಲಿನಲ್ಲಿ ಕೂತು ನೋಡಿದೆ. ದುಃಖವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಆ ಡಬ್ಬಿಯೊಳಗೆ ಏನಿತ್ತು ಎಂದೇ ಯೋಚಿಸುತ್ತಿದ್ದೆ.

ಮಹಾರಾಜರ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒಬ್ಬ ಮನುಷ್ಯನ ಜೀವ ಉಳಿಸಲು ಫೋನ್ ಮಾಡಿದೆ ಎಂದು ಎಲ್ಲರೂ ತಿಳಿದಿದ್ದಾರೆ, ಅದು ಅರ್ಧ ಮಾತ್ರ ನಿಜ. ಫೋನ್ ಕೈಗೆ ಬಂದಾಗ ನನಗೆ ಸಂತೋಷವಾಗಿತ್ತು. ಹಸಿದವನಿಗೆ ಊಟದ ತಾಟು ಇಟ್ಟ ಹಾಗೆ. ನಾನು ಹೇಳಿದ್ದು ಸರಿಯೋ ತಪ್ಪೋ ಎಂಬ ಆ ತಳಮಳವನ್ನೇ ಇಷ್ಟು ತಿಂಗಳು ಮನಸ್ಸು ಹುಡುಕುತ್ತಿತ್ತು ಎಂದೆ. ಅವರು ಪೂರ್ತಿ ಕೇಳಿದರು. ಆಮೇಲೆ, "ಮನಸ್ಸು ಎಲ್ಲಿದೆಯೋ ಅಲ್ಲಿ ಹೋಗಿ ಅದನ್ನು ನೋಡು. ಇಲ್ಲಿ ಕೂತು ಅಲ್ಲಿ ಇರಬೇಡ" ಎಂದರು. ಕಳಿಸಿದರೋ, ದೂಡಿದರೋ, ನನಗೆ ಇನ್ನೂ ತಿಳಿದಿಲ್ಲ.

ನಾಳೆಯ ರೈಲಿಗೆ ಹೊರಡುತ್ತಿದ್ದೇನೆ. ಬಿಳಿ ಬಟ್ಟೆ ಬಿಟ್ಟಿಲ್ಲ, ವ್ರತಗಳನ್ನೂ ಬಿಟ್ಟಿಲ್ಲ. ನನ್ನ ಕುರ್ಚಿಯಲ್ಲಿ ಈಗ ನೀನು ಕೂರುತ್ತಿರಬೇಕು, ಏಳಬೇಡ. ನಾನು ಎದುರಿಗೆ ಸ್ಟೂಲ್ ಹಾಕಿಕೊಂಡು ಕೂರುತ್ತೇನೆ. ಅವ್ವ ಬಯ್ದರೆ ಬಯ್ಯಲಿ.

ಆ ಮನುಷ್ಯ ಹೇಗಿದ್ದಾನೆ, ಡಬ್ಬಿ ಬಿಚ್ಚಿದರೋ ಇಲ್ಲವೋ, ನೀನು ಬರೆದಿರುತ್ತೀ. ಆ ಪತ್ರ ಇಲ್ಲಿಗೆ ಮುಟ್ಟುವ ಹೊತ್ತಿಗೆ ನಾನು ಇರುವುದಿಲ್ಲ. ಅದರಲ್ಲಿ ಏನೇ ಇದ್ದರೂ, ಬಂದ ಮೇಲೆ ಬಾಯಿಂದಲೇ ಹೇಳು.

ಅಣ್ಣ